ಲ್ಯಾಟಿನ್ ಸಂಘದ ಗೆಳೆಯರು

ನಾನು ಸಂಸ್ಕೃತ ಮೇಷ್ಟರು. ಮಲೆನಾಡಿನ ಹೈಸ್ಕೂಲುಗಳಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ರಾಮಶಬ್ದ ಹೇಳಿಕೊಟ್ಟು ನಿವೃತ್ತನಾದವನು. ಅಷ್ಟು ವರ್ಷಗಳಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಯಾವುದೆಂದರೆ, "ಇದನ್ನು ಕಲಿತು ಏನು ಪ್ರಯೋಜನ, ಮೇಷ್ಟ್ರೇ?" ಎಂಬುದು. ಸಂಸ್ಕೃತಿ, ಪರಂಪರೆ, ಬುದ್ಧಿಗೆ ವ್ಯಾಯಾಮ ಎಂದು ಒಂದಿಷ್ಟು ದೊಡ್ಡ ಮಾತುಗಳನ್ನಾಡಿ ಕೇಳಿದವರ ಬಾಯಿ ಮುಚ್ಚಿಸುತ್ತಿದ್ದೆ. ಆದರೆ ಅದಕ್ಕೆ ಇನ್ನೊಂದು ಉತ್ತರವೂ ಉಂಟು. ಅದು ಈ ಮಾತುಗಳಷ್ಟು ದೊಡ್ಡದಲ್ಲದಿದ್ದರೂ ಇವಕ್ಕಿಂತ ಬೇಗ ಮನಸ್ಸಿಗೆ ಮುಟ್ಟುವಂಥದು. ಅದು ನನಗೆ ಗೊತ್ತಾದದ್ದು ಅಮೆರಿಕದಲ್ಲಿ. ಹೇಳಿಕೊಟ್ಟವಳು ಹದಿನಾಲ್ಕು ವರ್ಷದ ನನ್ನ ಮೊಮ್ಮಗಳು. ಭಾಷೆ ಮಾತ್ರ ಸಂಸ್ಕೃತವಲ್ಲ, ಲ್ಯಾಟಿನ್.

ಕೆಲವು ವರ್ಷಗಳ ಹಿಂದೆ ನಾನೂ ನನ್ನ ಹೆಂಡತಿಯೂ ಮಗಳ ಮನೆಯಲ್ಲಿ ಆರು ತಿಂಗಳು ಇದ್ದು ಬರೋಣವೆಂದು ಅಲ್ಲಿಗೆ ಹೋಗಿದ್ದೆವು. ಅಳಿಯನ ಕೆಲಸ ಆಗತಾನೆ ಬೇರೆ ಊರಿಗೆ ಬದಲಾಗಿತ್ತು. ಹೊಸ ಊರು, ಹೊಸ ಮನೆ, ಮೊಮ್ಮಗಳಿಗೆ ಹೊಸ ಶಾಲೆ. ದೊಡ್ಡವರಿಗೆ ಊರು ಬದಲಾದರೆ ಸಾಮಾನು ಸಾಗಿಸುವ ತೊಂದರೆ. ಆ ವಯಸ್ಸಿನ ಮಕ್ಕಳಿಗೆ ಲೋಕವೇ ಬದಲಾದಂತೆ. ಅವಳು ಹೋದ ಶಾಲೆಯಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳು. ಒಬ್ಬೊಬ್ಬರಿಗೂ ಚಿಕ್ಕಂದಿನಿಂದ ಕೂಡಿ ಆಡಿದ ಗೆಳೆಯರಿದ್ದರು. ಊಟದ ಹಜಾರದಲ್ಲಿ ಯಾವ ಮೇಜು ಯಾರದು ಎಂಬುದು ಎಲ್ಲೂ ಬರೆದಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಇವಳಿಗೆ ಮಾತ್ರ ಮೇಜು ಇರಲಿಲ್ಲ.

ಒಂದು ಸಂಜೆ ಅವಳ ಬುತ್ತಿ ತೊಳೆಯುತ್ತಿದ್ದ ನನ್ನ ಹೆಂಡತಿ ನನ್ನನ್ನು ಕರೆದು ತೋರಿಸಿದಳು. ಕಟ್ಟಿಕೊಟ್ಟ ಚಪಾತಿ ಹಾಗೆಯೇ ಇತ್ತು. ಕೇಳಿದರೆ, "ಹಸಿವಿರಲಿಲ್ಲ ಅಜ್ಜಿ" ಎಂದಳು. ಊಟದ ಹೊತ್ತನ್ನು ಅವಳು ಶಾಲೆಯ ಪುಸ್ತಕಭಂಡಾರದಲ್ಲಿ ಒಬ್ಬಳೇ ಕಳೆಯುತ್ತಿದ್ದಳೆಂದೂ, ಅಲ್ಲಿ ತಿನ್ನುವಂತಿರಲಿಲ್ಲವೆಂದೂ ತಿಳಿದದ್ದು ಆಮೇಲೆ. ಆ ರಾತ್ರಿ ನಮಗಿಬ್ಬರಿಗೂ ನಿದ್ದೆ ಬರಲಿಲ್ಲ.

ಆ ಶಾಲೆಯಲ್ಲಿ ಇಂಗ್ಲಿಷಲ್ಲದೆ ಇನ್ನೊಂದು ಭಾಷೆ ಕಲಿಯಬೇಕಾಗಿತ್ತು. ಸ್ಪ್ಯಾನಿಷ್ ಮತ್ತು ಫ್ರೆಂಚ್ ತರಗತಿಗಳ ಮಕ್ಕಳು ಆಗಲೇ ಎರಡು ವರ್ಷ ಓದಿ ಮುಂದೆ ಹೋಗಿದ್ದರು. ಎಲ್ಲರೂ ಅ ಆ ಇ ಈಯಿಂದಲೇ ಪ್ರಾರಂಭಿಸಬೇಕಾಗಿದ್ದ ಭಾಷೆ ಲ್ಯಾಟಿನ್ ಒಂದೇ. ಹೀಗೆ, ಬೇರೆ ದಾರಿಯಿಲ್ಲದೆ, ಅವಳು ಲ್ಯಾಟಿನ್ ತರಗತಿಗೆ ಸೇರಿದಳು.

ಒಂದು ದಿನ ನಡುಮನೆಯಲ್ಲಿ ಕುಳಿತು ಪಾಠ ಒಪ್ಪಿಸುತ್ತಿದ್ದಳು: "ಪುಯೆಲ್ಲ, ಪುಯೆಲ್ಲೈ, ಪುಯೆಲ್ಲೈ, ಪುಯೆಲ್ಲಮ್, ಪುಯೆಲ್ಲಾ." ನನ್ನ ಕಿವಿ ನೆಟ್ಟಗಾಯಿತು. ಪುಯೆಲ್ಲ ಎಂದರೆ ಹುಡುಗಿ. ಹುಡುಗಿ, ಹುಡುಗಿಯ, ಹುಡುಗಿಗೆ, ಹುಡುಗಿಯನ್ನು, ಹುಡುಗಿಯಿಂದ. ಇದು ನಮ್ಮ ಶಬ್ದಮಂಜರಿಯೇ ಅಲ್ಲವೆ! ಹತ್ತಿರ ಹೋಗಿ ಕುಳಿತೆ. ಲ್ಯಾಟಿನ್ನಿನ 'ಪಾತೆರ್' ನಮ್ಮ ಪಿತೃ, 'ಮಾತೆರ್' ಮಾತೃ, 'ಇಗ್ನಿಸ್' ಅಗ್ನಿ, 'ನೋವುಸ್' ನವ, 'ಎಸ್ಟ್' ಎಂದರೆ ಅಸ್ತಿ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಹುಟ್ಟಿರಬೇಕೆಂದು ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದ್ದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಮೊಮ್ಮಗಳ ಬಾಯಲ್ಲಿ ಅದನ್ನು ಕೇಳಿದ್ದು ಆವತ್ತು. ಅವಳೂ ಕಣ್ಣರಳಿಸಿದಳು. ಆಮೇಲೆ ಏನೋ ನೆನಪಾದವಳಂತೆ, "ಆದರೆ ಅಜ್ಜ, ಇವರಿಗೆ ದ್ವಿವಚನವೇ ಇಲ್ಲ. ಒಬ್ಬರು, ಇಲ್ಲದಿದ್ದರೆ ಬಹಳ ಜನ. ಇಬ್ಬರು ಅನ್ನುವುದೇ ಇಲ್ಲ" ಎಂದಳು. ಅವಳು ವ್ಯಾಕರಣವನ್ನೇ ಹೇಳುತ್ತಿದ್ದಳೋ ತನ್ನ ಶಾಲೆಯ ಸಂಗತಿಯನ್ನು ಹೇಳುತ್ತಿದ್ದಳೋ ನನಗೆ ತಿಳಿಯಲಿಲ್ಲ.

ಆ ಶಾಲೆಯಲ್ಲಿ ಒಂದು ಲ್ಯಾಟಿನ್ ಸಂಘವಿತ್ತು. ಅಮೆರಿಕದ ಹೈಸ್ಕೂಲುಗಳಲ್ಲಿ ಇಂಥ ಸಂಘಗಳು ಬಹಳ ಹಳೆಯವು. ಗ್ರೀಕ್ ಲ್ಯಾಟಿನ್ ಅಧ್ಯಾಪಕರು ಸೇರಿ 1919ರಲ್ಲಿ ಅಮೆರಿಕನ್ ಕ್ಲಾಸಿಕಲ್ ಲೀಗ್ ಎಂಬ ಸಂಸ್ಥೆಯನ್ನು ಕಟ್ಟಿಕೊಂಡರು. ಅದರ ಆಶ್ರಯದಲ್ಲಿ ವಿದ್ಯಾರ್ಥಿಗಳಿಗಾಗಿ ನ್ಯಾಷನಲ್ ಜೂನಿಯರ್ ಕ್ಲಾಸಿಕಲ್ ಲೀಗ್ ಪ್ರಾರಂಭವಾದದ್ದು 1936ರಲ್ಲಿ. ಊರೂರ ಶಾಲೆಗಳ ಲ್ಯಾಟಿನ್ ಸಂಘಗಳು ಇದರ ಶಾಖೆಗಳು. ಇದರ ಮೊದಲ ರಾಷ್ಟ್ರೀಯ ಸಮ್ಮೇಳನ ಟೆಕ್ಸಾಸಿನ ಸ್ಯಾನ್ ಆಂಟೋನಿಯೋ ನಗರದಲ್ಲಿ 1954ರಲ್ಲಿ ಸೇರಿತು. ಈಗ ಬೇಸಿಗೆಯ ಸಮ್ಮೇಳನಕ್ಕೆ ಯಾವುದಾದರೊಂದು ವಿಶ್ವವಿದ್ಯಾನಿಲಯದ ಅಂಗಳದಲ್ಲಿ ಸಾವಿರಕ್ಕೂ ಮೇಲ್ಪಟ್ಟು ಮಕ್ಕಳು ನೆರೆಯುತ್ತಾರೆ. ಊದಾ ಮತ್ತು ಹೊನ್ನಿನ ಬಣ್ಣ ಈ ಸಂಸ್ಥೆಯ ಗುರುತು. ಮಕ್ಕಳು ಹಾಸಿಗೆಯ ಮೇಲುಹೊದಿಕೆಯನ್ನೇ ಟೋಗಾದಂತೆ ಮೈಗೆ ಸುತ್ತಿಕೊಂಡು ಮೆರವಣಿಗೆ ಹೊರಡುತ್ತಾರೆ, ಪದ್ಯ ಓದುತ್ತಾರೆ, ಓಟ ಓಡುತ್ತಾರೆ, ಗಂಟಲು ಬೀಳುವಂತೆ ತಮ್ಮ ತಮ್ಮ ಸಂಘದ ಜಯಘೋಷ ಮಾಡುತ್ತಾರೆ.

ಲ್ಯಾಟಿನ್ನಿಗೆ ಅಲ್ಲಿ ಯಾವಾಗಲೂ ಒಳ್ಳೆಯ ದಿನಗಳೇ ಇದ್ದವೆಂದಲ್ಲ. 1962ರಲ್ಲಿ ಅಲ್ಲಿಯ ಸರ್ಕಾರಿ ಹೈಸ್ಕೂಲುಗಳಲ್ಲಿ ಲ್ಯಾಟಿನ್ ಓದುತ್ತಿದ್ದವರು ಸುಮಾರು 7 ಲಕ್ಷ. 1976ರ ಹೊತ್ತಿಗೆ ಉಳಿದವರು ಸುಮಾರು ಒಂದೂವರೆ ಲಕ್ಷ. 1957ರಲ್ಲಿ ರಷ್ಯದ ಸ್ಪುಟ್ನಿಕ್ ಆಕಾಶಕ್ಕೆ ಏರಿದ ಮೇಲೆ ಸರ್ಕಾರದ ಹಣವೆಲ್ಲ ವಿಜ್ಞಾನಕ್ಕೂ ಆಡುವ ಭಾಷೆಗಳಿಗೂ ಹರಿಯಿತು. ಕಾಲೇಜುಗಳು ಲ್ಯಾಟಿನ್ ಬೇಕೆಂಬ ನಿಯಮವನ್ನು ಕೈಬಿಟ್ಟವು. ಕ್ಯಾಥೊಲಿಕ್ ಚರ್ಚು ಕೂಡ ಆ ದಶಕದಲ್ಲಿ ಪೂಜೆಯನ್ನು ಜನರ ಮಾತಿನಲ್ಲಿ ನಡೆಸಲು ಒಪ್ಪಿಕೊಂಡಿತು. ನಮ್ಮ ಊರಿನಲ್ಲಿ ನನ್ನನ್ನು ಕೇಳಿದ ಪ್ರಶ್ನೆಯನ್ನೇ ಅಲ್ಲಿಯ ಲ್ಯಾಟಿನ್ ಮೇಷ್ಟರುಗಳನ್ನೂ ಕೇಳಿದರು ಎನ್ನಿ. ಆದರೂ ಸಂಘಗಳು ಪೂರ್ತಿ ಮುಚ್ಚಲಿಲ್ಲ. ಭಾಷೆಗೆ ಬೆಲೆ ಕಡಮೆಯಾದಾಗಲೂ ಸಂಘದ ಶುಕ್ರವಾರಗಳಿಗೆ ಮಕ್ಕಳು ಬರುತ್ತಲೇ ಇದ್ದರು. ಏಕೆ ಬರುತ್ತಿದ್ದರು ಎಂಬುದು ನನಗೆ ಮೊಮ್ಮಗಳ ಹಿಂದೆ ಹೋದಾಗ ಅರ್ಥವಾಯಿತು.

ಅವಳ ಶಾಲೆಯ ಸಂಘ ಸೇರುತ್ತಿದ್ದದ್ದೂ ಶುಕ್ರವಾರವೇ, ತರಗತಿಗಳು ಮುಗಿದ ಮೇಲೆ. ಮೊದಲ ದಿನ ಅವಳಿಗೆ ಹೋಗಲು ಧೈರ್ಯವಿರಲಿಲ್ಲ. ಬಾಗಿಲ ಹತ್ತಿರ ನಿಂತವಳನ್ನು ಒಳಗಿದ್ದ ಯಾರೋ ನೋಡಿ "ಸಾಲ್ವೇ!" ಎಂದರಂತೆ. ಲ್ಯಾಟಿನ್ನಿನಲ್ಲಿ ಅದು ನಮಸ್ಕಾರ. ಅದಕ್ಕೆ ತಿರುಗಿ "ಸಾಲ್ವೇ" ಎಂದರೆ ಸಾಕು. ಇಂಗ್ಲಿಷಿನಲ್ಲಾಗಿದ್ದರೆ ಏನು ಉತ್ತರ ಕೊಡಬೇಕು, ಯಾವ ರಾಗದಲ್ಲಿ ಕೊಡಬೇಕು, ನಗಬೇಕೋ ಬೇಡವೋ ಎಂದು ನೂರು ಯೋಚನೆ. ಇಲ್ಲಿ ಇದ್ದದ್ದು ಒಂದೇ ಉತ್ತರ. ಅದನ್ನು ಪಾಠದಲ್ಲಿಯೇ ಕಲಿತಾಗಿತ್ತು.

ಸಂಘದಲ್ಲಿ ಒಬ್ಬೊಬ್ಬರೂ ಒಂದು ರೋಮನ್ ಹೆಸರು ಇಟ್ಟುಕೊಳ್ಳುವುದು ಪದ್ಧತಿ. ನಮ್ಮದು ಕಾಡಿನ ಸೀಮೆ ಎಂದು ಇವಳು 'ಸಿಲ್ವಿಯಾ' ಎಂಬ ಹೆಸರನ್ನು ಆರಿಸಿಕೊಂಡಳು; 'ಸಿಲ್ವ' ಎಂದರೆ ಕಾಡು. ಅವಳ ನಿಜವಾದ ಹೆಸರನ್ನು ಆ ಶಾಲೆಯಲ್ಲಿ ಯಾರೂ ಸರಿಯಾಗಿ ಉಚ್ಚರಿಸುತ್ತಿರಲಿಲ್ಲ. ಈಗ ಎಲ್ಲರೂ ಹೊಸ ಹೆಸರಿನವರು, ಎಲ್ಲರ ಹೆಸರೂ ಎಲ್ಲರಿಗೂ ಅಷ್ಟೇ ಹೊಸದು.

ನಾಲ್ವರು ಕೂಡಿ ಆಡುವ ಒಂದು ಪ್ರಶ್ನೋತ್ತರ ಸ್ಪರ್ಧೆ ಈ ಸಂಘಗಳ ಪ್ರಾಣ. ಇದನ್ನು 'ಕೆರ್ತಾಮೆನ್' ಎನ್ನುತ್ತಾರೆ. ಸ್ಪರ್ಧೆ ಎಂದೇ ಅರ್ಥ. ವ್ಯಾಕರಣ, ಪುರಾಣ, ಇತಿಹಾಸ ಎಲ್ಲದರಲ್ಲಿಯೂ ಪ್ರಶ್ನೆ. ಮೊದಲು ಗುಂಡಿ ಒತ್ತಿ ಸರಿಯುತ್ತರ ಹೇಳಿದ ತಂಡಕ್ಕೆ 10 ಅಂಕ, ಆಮೇಲೆ ತಲಾ 5 ಅಂಕಗಳ ಎರಡು ಮರಿಪ್ರಶ್ನೆಗಳು. ಅವುಗಳಿಗೆ ನಾಲ್ವರೂ ತಲೆಗೆ ತಲೆ ಹಚ್ಚಿ ಪಿಸುಗುಟ್ಟಿ ಉತ್ತರ ಹುಡುಕಬೇಕು. ಹೊಸಬರ ತಂಡದಲ್ಲಿ ಮೂವರಿದ್ದರು, ನಾಲ್ಕನೆಯವರು ಬೇಕಾಗಿತ್ತು. ಇವಳು ನಾಲ್ಕನೆಯವಳಾದಳು.

ಆ ಮೂವರನ್ನು ನಾನು ಆಮೇಲೆ ನಮ್ಮ ಮಗಳ ಮನೆಯಲ್ಲಿ ಚೆನ್ನಾಗಿಯೇ ಕಂಡೆ. ಒಬ್ಬ ಹುಡುಗಿಯ ಮನೆಮಾತು ಸ್ಪ್ಯಾನಿಷ್. ಒಬ್ಬ ಹುಡುಗ ಸ್ವಲ್ಪ ತೊದಲುತ್ತಿದ್ದ. ಇನ್ನೊಬ್ಬ ನಾಲ್ಕು ತಲೆಮಾರಿನಿಂದ ಅದೇ ಊರಿನವನು, ಆದರೂ ಅವನಿಗೂ ಊಟದ ಹಜಾರದಲ್ಲಿ ಮೇಜಿರಲಿಲ್ಲ. ಇದು ನನಗೆ ಆಶ್ಚರ್ಯ. ಹೊರಗಿನಿಂದ ಬಂದವರಿಗೆ ಮಾತ್ರ ಪರಕೀಯತೆ ಎಂದುಕೊಂಡಿದ್ದೆ. ಹುಟ್ಟಿದ ಊರಿನಲ್ಲಿಯೂ ಹೊರಗಿನವರಾಗಿ ಇರುವವರು ಉಂಟು.

ನಾಲ್ವರೂ ಮನೆಗೆ ಬಂದು ಅಭ್ಯಾಸ ಮಾಡುವಾಗ ನಾನು ಪ್ರಶ್ನೆ ಓದುತ್ತಿದ್ದೆ. 'ಸಿಸೆರೋ' ಎಂದು ಓದಿದರೆ ನಾಲ್ವರೂ ನಕ್ಕು "ಕಿಕೆರೋ" ಎಂದು ತಿದ್ದುತ್ತಿದ್ದರು. 'ಸೀಸರ್' ಎಂದರೆ "ಕೈಸರ್". ನಾನು ಮೂವತ್ತು ವರ್ಷ ಮಕ್ಕಳ ಉಚ್ಚಾರಣೆ ತಿದ್ದಿದವನು. ಮಕ್ಕಳಿಂದ ತಿದ್ದಿಸಿಕೊಳ್ಳುವ ಸುಖ ನನಗೆ ಆಗ ಸಿಕ್ಕಿತು. ತೊದಲುವ ಹುಡುಗ ವಿಭಕ್ತಿಗಳನ್ನು ಗಟ್ಟಿಯಾಗಿ ರಾಗವಾಗಿ ಹೇಳುವಾಗ ಒಂದಿಷ್ಟೂ ತೊದಲುತ್ತಿರಲಿಲ್ಲ. ಸ್ಪ್ಯಾನಿಷ್ ಲ್ಯಾಟಿನ್ನಿನ ಮಗಳಾದ್ದರಿಂದ ಆ ಹುಡುಗಿಗೆ ಎಷ್ಟೋ ಶಬ್ದಗಳು ಮನೆಯಿಂದಲೇ ಬಂದಿದ್ದವು. ವಿಭಕ್ತಿ ಎಂದರೇನು ಎಂಬುದು ನಮ್ಮವಳಿಗೆ ಮನೆಯಿಂದ ಬಂದಿತ್ತು. ಬೇರೆ ಕಡೆ ಯಾವುದು ಅವರ ಕೊರತೆಯಾಗಿತ್ತೋ ಅದೇ ಇಲ್ಲಿ ಉಪಯೋಗಕ್ಕೆ ಬಂತು.

ಇದರಲ್ಲಿ ಒಂದು ಗುಟ್ಟಿದೆ ಎಂದು ನನಗೆ ತೋರುತ್ತದೆ. ಲ್ಯಾಟಿನ್ ಈಗ ಯಾರ ತಾಯಿನುಡಿಯೂ ಅಲ್ಲ. ಆದ್ದರಿಂದ ಅದನ್ನು "ನನ್ನದು" ಎಂದು ಹೇಳಿ ಇನ್ನೊಬ್ಬರ ಉಚ್ಚಾರಕ್ಕೆ ನಗುವ ಹಕ್ಕು ಯಾರಿಗೂ ಇಲ್ಲ. ಆ ಮನೆಯ ಯಜಮಾನರು ಎಂದೋ ಹೋಗಿಬಿಟ್ಟಿದ್ದಾರೆ. ಈಗ ಒಳಗಿರುವವರೆಲ್ಲ ಅತಿಥಿಗಳೇ. ಅತಿಥಿಗಳ ನಡುವೆ ಮೇಲು ಕೀಳು ಕಡಮೆ. ಸತ್ತ ಭಾಷೆ ಎಂದು ನಾವು ಯಾವುದನ್ನು ಮರುಕದಿಂದ ಹೇಳುತ್ತೇವೆಯೋ, ಅದರ ಸಾವೇ ಈ ಮಕ್ಕಳಿಗೆ ಅನುಕೂಲವಾಗಿತ್ತು.

ಇನ್ನೊಂದು ಮಾತು. ಗೆಳೆತನವನ್ನೇ ಹುಡುಕಿಕೊಂಡು ಹೊರಟವರಿಗೆ ಗೆಳೆತನ ಸಿಕ್ಕುವುದು ಕಷ್ಟ. ಇಬ್ಬರೂ ಮೂರನೆಯದೊಂದನ್ನು ನೋಡುತ್ತಿರಬೇಕು. ಅವರ ಪಾಠದ ಪುಸ್ತಕದಲ್ಲಿ ಪೊಂಪೇಯ್ ನಗರದ ಒಬ್ಬ ಸಾಹುಕಾರನ ಮನೆಯ ಕಥೆಯಿತ್ತು. ಕೈಕಿಲಿಯುಸ್ ಎಂಬ ಈ ಸಾಹುಕಾರ ನಿಜವಾಗಿ ಇದ್ದವನೇ. ಮಣ್ಣಿನಲ್ಲಿ ಹುಗಿದುಹೋಗಿದ್ದ ಅವನ ಮನೆಯಲ್ಲಿ 1875ರಲ್ಲಿ ಲೇವಾದೇವಿಯ ಲೆಕ್ಕದ ಹಲಗೆಗಳು ನೂರೈವತ್ತಕ್ಕೂ ಹೆಚ್ಚು ದೊರೆತಿವೆ. ಪುಸ್ತಕದಲ್ಲಿ ಅವನಿಗೆ ಹೆಂಡತಿ, ಮಗ, ಅಡುಗೆಯವ, ಒಂದು ನಾಯಿ. ಮಕ್ಕಳು ಈ ಸಂಸಾರದೊಡನೆ ವಾರಗಟ್ಟಲೆ ಬಾಳಿ, ಅಡುಗೆಯವನನ್ನು ಕಂಡು ನಕ್ಕು, ಕೊನೆಯ ಪಾಠಕ್ಕೆ ಬರುವಾಗ ಕ್ರಿಸ್ತಶಕ 79ರಲ್ಲಿ ವೆಸೂವಿಯಸ್ ಬೆಂಕಿ ಕಾರುತ್ತದೆ. ಸಾಯುತ್ತಿರುವ ಯಜಮಾನನನ್ನು ಬಿಟ್ಟು ನಾಯಿ ಕದಲುವುದಿಲ್ಲ. ಆ ಪಾಠ ಮುಗಿದ ದಿನ ನಾಲ್ವರೂ ನಮ್ಮ ಮನೆಗೆ ಬಂದು ಏನೂ ಮಾತಾಡದೆ ಕುಳಿತಿದ್ದರು. ಎರಡು ಸಾವಿರ ವರ್ಷದ ಹಿಂದಿನ ಒಂದು ನಾಯಿಗಾಗಿ ಜೊತೆಯಲ್ಲಿ ದುಃಖಪಟ್ಟವರು ಮತ್ತೆ ಅಪರಿಚಿತರಾಗುವುದು ಸಾಧ್ಯವೆ?

ಎಲ್ಲವೂ ಚೆನ್ನಾಗಿಯೇ ಇತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಹಿಂದಿನ ಕಾಲದ ಅಮೆರಿಕದ ಎಷ್ಟೋ ಲ್ಯಾಟಿನ್ ಸಂಘಗಳು ಹೊಸ ವಿದ್ಯಾರ್ಥಿಗಳನ್ನು ರೋಮಿನ ಗುಲಾಮರಂತೆ ನಿಲ್ಲಿಸಿ ಹರಾಜು ಕೂಗುವ ಆಟವನ್ನು ಆಡುತ್ತಿದ್ದವು. ಗುಲಾಮರ ಹರಾಜು ನಿಜವಾಗಿಯೇ ನಡೆದ ದೇಶದಲ್ಲಿ ಅದು ಎಲ್ಲರಿಗೂ ಆಟವಾಗುವುದು ಹೇಗೆ? ಬರಬರುತ್ತ ಅದು ತಪ್ಪೆಂದು ತಿಳಿದು ಕೈಬಿಟ್ಟರು. ಒಬ್ಬರನ್ನು ತಗ್ಗಿಸಿ ಉಳಿದವರು ನಕ್ಕರೆ ಅದು ಸಂಘವಲ್ಲ.

ಇವರ ಉಪಾಧ್ಯಾಯಿನಿ ಅದಕ್ಕೆ ಬದಲಾಗಿ ಸಾತುರ್ನಾಲಿಯಾ ಹಬ್ಬವನ್ನು ಮಾಡಿಸುತ್ತಿದ್ದರು. ಡಿಸೆಂಬರ್ 17ರಂದು ಮೊದಲಾಗುತ್ತಿದ್ದ ಈ ರೋಮನ್ ಹಬ್ಬದಲ್ಲಿ ಯಜಮಾನರು ತಮ್ಮ ಗುಲಾಮರಿಗೆ ಬಡಿಸುತ್ತಿದ್ದರಂತೆ. ಸಂಘದಲ್ಲಿ ಆವತ್ತು ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಬಡಿಸಿದರು. ನನ್ನ ಹೆಂಡತಿ ಒಂದು ಡಬ್ಬಿ ಕೋಡುಬಳೆ ಕರಿದು ಕಳಿಸಿದ್ದಳು. ಡಬ್ಬಿ ಖಾಲಿಯಾಗಿ ಬಂತು.

ಅದೇ ಉಪಾಧ್ಯಾಯಿನಿ ಮಕ್ಕಳಿಗೆ ಒಂದು ಶಿಲಾಶಾಸನದ ಸಂಗತಿ ಹೇಳಿದ್ದರು. ರೋಮಿನ ಹತ್ತಿರದ ಲಾನುವಿಯುಮ್ ಎಂಬ ಊರಿನಲ್ಲಿ ಬಡವರು ಕೂಡಿ ಕಟ್ಟಿಕೊಂಡ ಒಂದು ಸಂಘದ ಕ್ರಿಸ್ತಶಕ 136ರ ನಿಯಮಾವಳಿ ಅದು. ಗುಲಾಮರಿಗೂ ಅದರಲ್ಲಿ ಪ್ರವೇಶವಿತ್ತು. ಸೇರುವಾಗ 100 ಸೆಸ್ಟರ್ಸ್ ನಾಣ್ಯ ಮತ್ತು ಒಂದು ಹೂಜಿ ಒಳ್ಳೆಯ ದ್ರಾಕ್ಷಾರಸ; ಆಮೇಲೆ ತಿಂಗಳಿಗಿಷ್ಟು ಎಂದು ಚಂದಾ. ಸದಸ್ಯ ಸತ್ತರೆ ಸಂಸ್ಕಾರ ಸಂಘದ ಹೊಣೆ. ವರ್ಷದಲ್ಲಿ ಕೆಲವು ದಿನ ಎಲ್ಲರೂ ಕೂಡಿ ಊಟ: ರೊಟ್ಟಿ, ತಲೆಗೆ ನಾಲ್ಕು ಸಣ್ಣ ಮೀನು. ಊಟದಲ್ಲಿ ಗದ್ದಲವೆಬ್ಬಿಸಿ ಜಾಗ ಬದಲಿಸಿದರೆ 4 ಸೆಸ್ಟರ್ಸ್ ದಂಡ. ಇನ್ನೊಬ್ಬನನ್ನು ಬಯ್ದರೆ 12. ಮನೆಯೂ ಇಲ್ಲದ, ಸತ್ತರೆ ಅಳುವವರೂ ಇಲ್ಲದ ಜನ ಒಂದು ಮೇಜನ್ನು ತಾವೇ ಮಾಡಿಕೊಂಡ ಕಥೆ ಇದು.

ಜನವರಿಯಲ್ಲಿ ಸುತ್ತಲ ಶಾಲೆಗಳ ನಡುವೆ ಸ್ಪರ್ಧೆ ನಡೆಯಿತು. ನಾನೂ ಹೋಗಿದ್ದೆ. ಕೊನೆಯ ಪ್ರಶ್ನೆಯವರೆಗೆ ಎರಡು ತಂಡಗಳು ಸಮನಾಗಿದ್ದವು. "ಹ್ಯಾನಿಬಲ್ ರೋಮನರನ್ನು ಸೋಲಿಸಿದ ಯಾವ ಕದನ" ಎಂದು ಓದುತ್ತಿದ್ದಂತೆಯೇ ನಮ್ಮವಳು ಗುಂಡಿ ಒತ್ತಿ "ಕಾನ್ನೈ" ಎಂದುಬಿಟ್ಟಳು. ಕಾನ್ನೈ ಕದನ ಕ್ರಿಸ್ತಪೂರ್ವ 216ರದು, ಎಲ್ಲಕ್ಕಿಂತ ಪ್ರಸಿದ್ಧ. ಆದರೆ ಪ್ರಶ್ನೆಯ ಉಳಿದ ಭಾಗ "ಸರೋವರದ ದಡದಲ್ಲಿ ನಡೆಯಿತು?" ಎಂದಿತ್ತು. ಅದು ಹಿಂದಿನ ವರ್ಷದ ತ್ರಾಸಿಮೆನೆ. ಎದುರಿನ ತಂಡ ಪ್ರಶ್ನೆಯನ್ನು ಪೂರ್ತಿ ಕೇಳಿ ಉತ್ತರ ಹೇಳಿ ಗೆದ್ದಿತು.

ಮನೆಗೆ ಬಂದವಳು ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. "ಇನ್ನು ನಾನು ಅಲ್ಲಿಗೆ ಹೋಗುವುದಿಲ್ಲ ಅಜ್ಜ. ಅವರು ಸೋತದ್ದು ನನ್ನಿಂದ" ಎಂದಳು. "ನಾವು" ಎನ್ನಲಿಲ್ಲ, "ಅವರು" ಎಂದಳು. ಮೂರು ತಿಂಗಳಲ್ಲಿ ಕಟ್ಟಿದ್ದು ಒಂದು ಗಳಿಗೆಯಲ್ಲಿ ಬಿದ್ದುಹೋಯಿತೇ ಎಂದು ನನಗೆ ಎದೆ ಭಾರವಾಯಿತು. ಸೋಮವಾರ ಬೆಳಗ್ಗೆ ಬುತ್ತಿಯನ್ನೂ ಬೇಡವೆಂದೇ ಹೊರಟಳು.

ಸಂಜೆ ಬಂದಾಗ ಕೈಯಲ್ಲಿ ಒಂದು ರಟ್ಟು. ಅದರ ಮೇಲೆ ಶಾಸನದ ದೊಡ್ಡಕ್ಷರಗಳಲ್ಲಿ, ತಪ್ಪು ತಪ್ಪು ಲ್ಯಾಟಿನ್ನಿನಲ್ಲಿ, ಒಂದು ಆಜ್ಞೆ ಬರೆದಿತ್ತು. ಸಿಲ್ವಿಯಾ ಪ್ರಶ್ನೆ ಮುಗಿಯುವ ಮೊದಲೇ ಗುಂಡಿ ಒತ್ತಿದ್ದರಿಂದ ಲಾನುವಿಯುಮ್ ಕಾನೂನಿನ ಪ್ರಕಾರ ಅವಳಿಗೆ ದಂಡ ವಿಧಿಸಲಾಗಿದೆ, ದಂಡ 12 ಕೋಡುಬಳೆ, ಶುಕ್ರವಾರದೊಳಗೆ ಸಲ್ಲಿಸತಕ್ಕದ್ದು. ಕೆಳಗೆ ಮೂವರ ರುಜು. ಪುಸ್ತಕಭಂಡಾರದಲ್ಲಿ ಅಡಗಿ ಕುಳಿತಿದ್ದವಳನ್ನು ಹುಡುಕಿಕೊಂಡು ಬಂದು, ಊಟದ ಹಜಾರಕ್ಕೆ ಎಳೆದುಕೊಂಡು ಹೋಗಿ, ತಮ್ಮ ಮೇಜಿನ ಮುಂದೆ ನಿಲ್ಲಿಸಿ ಅದನ್ನು ಓದಿದರಂತೆ. ತೊದಲುವ ಹುಡುಗನೇ ಓದಿದನಂತೆ.

ದಂಡ ಬಿದ್ದದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಯೋಚಿಸಿ ನೋಡಿದರೆ ಅದು ಸರಿಯೇ. ಹೊರಗಿನವರು ತಪ್ಪು ಮಾಡಿದರೆ ನಾವು ಸುಮ್ಮನಿರುತ್ತೇವೆ, ಇಲ್ಲವೆ ದೂರ ಇಡುತ್ತೇವೆ. ದಂಡ ಹಾಕುವುದು ನಮ್ಮವರಿಗೆ ಮಾತ್ರ. ನನ್ನ ಹೆಂಡತಿ ಆ ರಾತ್ರಿಯೇ ಹಿಟ್ಟು ಕಲಸಲು ಕುಳಿತಳು. ಹನ್ನೆರಡರ ಬದಲು ಅರುವತ್ತು ಕೋಡುಬಳೆ ಆದವು.

ಮಾತು ಮುಗಿಸುವ ಮೊದಲು ಬಾನುಲಿಗೆ ಸಂಬಂಧಪಟ್ಟ ಒಂದು ಸಂಗತಿಯನ್ನು ಹೇಳಬೇಕು. ಫಿನ್‌ಲೆಂಡ್ ದೇಶದ ರೇಡಿಯೋ 1989ರಿಂದ 2019ರವರೆಗೆ, ಮೂವತ್ತು ವರ್ಷ ಕಾಲ, ವಾರಕ್ಕೊಮ್ಮೆ ಐದು ನಿಮಿಷ ಲ್ಯಾಟಿನ್ನಿನಲ್ಲಿ ವಾರ್ತೆ ಓದಿತು. ನಮ್ಮ ಆಕಾಶವಾಣಿ ಸಂಸ್ಕೃತ ವಾರ್ತೆಯನ್ನು ಪ್ರಾರಂಭಿಸಿದ್ದು 1974ರಲ್ಲಿ. ಇಂಥ ವಾರ್ತೆಯಿಂದ ಹೊಸ ಸುದ್ದಿ ತಿಳಿಯುವವರು ಎಷ್ಟು ಮಂದಿ? ಸುದ್ದಿ ಅವರಿಗೆ ಆಗಲೇ ತಿಳಿದಿರುತ್ತದೆ. ಅವರು ಕೇಳುವುದು, ತಮ್ಮಂತೆಯೇ ಇದನ್ನು ಕೇಳುತ್ತಿರುವ ಇನ್ನೊಬ್ಬರು ಎಲ್ಲಿಯೋ ಇದ್ದಾರೆ ಎಂಬ ಸಮಾಧಾನಕ್ಕಾಗಿ. ಕಿಕೆರೋ ಮಹಾಶಯ ಕ್ರಿಸ್ತಪೂರ್ವ 44ರಲ್ಲಿ ಗೆಳೆತನದ ಮೇಲೆ ಒಂದು ಪುಸ್ತಕ ಬರೆದು ತನ್ನ ಗೆಳೆಯ ಆಟಿಕುಸನಿಗೆ ಅರ್ಪಿಸಿದ. ಗೆಳೆತನವಿದ್ದರೆ ಸುಖ ಬೆಳಗುತ್ತದೆ, ದುಃಖ ಹಂಚಿಹೋಗಿ ಹಗುರವಾಗುತ್ತದೆ ಎಂಬುದು ಅದರ ಒಂದು ತಿರುಳು. ಮಗಳನ್ನು ಕಳೆದುಕೊಂಡ ಮರುವರ್ಷ ಬರೆದದ್ದು ಅದು. ಬರಿಯ ಪಾಂಡಿತ್ಯದ ಮಾತಲ್ಲ.

ನಮ್ಮ ಊರುಗಳ ಶಾಲೆಗಳಲ್ಲಿಯೂ ಬುತ್ತಿ ಬಿಚ್ಚದೆ ಮನೆಗೆ ತರುವ ಮಕ್ಕಳು ಇರುತ್ತಾರೆ. "ಹೋಗಿ ಎಲ್ಲರ ಜೊತೆ ಬೆರೆ" ಎಂದು ಅವರನ್ನು ಗದರಿಸಿ ಪ್ರಯೋಜನವಿಲ್ಲ. ಹಳಗನ್ನಡದ ಪದ್ಯವೋ, ಗಮಕವೋ, ನಕ್ಷತ್ರ ನೋಡುವುದೋ, ಊರಿನ ಶಾಸನ ಓದುವುದೋ, ಯಾರಿಗೂ ಬೇಡವೆನಿಸಿದ ಯಾವುದಾದರೊಂದು ಕೆಲಸಕ್ಕೆ ಮೂವರನ್ನು ಕೂಡಿಸಿ, ನಾಲ್ಕನೆಯ ಜಾಗ ಖಾಲಿ ಬಿಟ್ಟಿರಿ. ಪ್ರಯೋಜನದ ಪ್ರಶ್ನೆ ಕೇಳುವವರಿಗೆ ಈಗ ನಾನು ಹೇಳುವ ಉತ್ತರ ಇಷ್ಟೇ.

ನಾವು ಹೊರಡುವ ಹಿಂದಿನ ದಿನ ಮೊಮ್ಮಗಳು ಪುಸ್ತಕ ಹಿಡಿದು ಓಡಿಬಂದಳು. "ಅಜ್ಜ, ನಾನು ಹೇಳಿದ್ದು ತಪ್ಪು. ಲ್ಯಾಟಿನ್ನಿನಲ್ಲಿ ದ್ವಿವಚನ ಪೂರ್ತಿ ಹೋಗಿಲ್ಲ. ಎರಡು ಶಬ್ದಗಳಲ್ಲಿ ಅದರ ಗುರುತು ಉಳಿದಿದೆ" ಎಂದಳು. ಒಂದು 'ಡುವೋ', ನಮ್ಮ ದ್ವೌ, ಎರಡು. ಇನ್ನೊಂದು 'ಆಂಬೋ', ನಮ್ಮ ಉಭೌ, ಇಬ್ಬರೂ. ಹೇಳಿ ಮುಗಿಸುವಷ್ಟರಲ್ಲಿ ಹೊರಗೆ ಯಾರೋ "ಸಾಲ್ವೇ" ಎಂದು ಕೂಗಿದರು. ಪುಸ್ತಕವನ್ನು ನನ್ನ ಕೈಗೆ ಕೊಟ್ಟು ಅವಳು ಬಾಗಿಲಿಗೆ ಓಡಿದಳು.